ಹೆಗಲಿಗೆ ತಗುಲಿದ ಗುಂಡು: ಬಿಳಿಬಾಲದ ಜಿಂಕೆ ಬೇಟೆಯ ಒಂದು ಪ್ರಕರಣ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನಡುಭಾಗ. ನವೆಂಬರ್ ಕೊನೆಯ ಒಂಬತ್ತು ದಿನಗಳ ಬಂದೂಕು ಬೇಟೆಯ ಮೊದಲ ಬೆಳಿಗ್ಗೆ ಒಬ್ಬ ಹೊಸ ಬೇಟೆಗಾರ 68 ಗಜ ದೂರದಲ್ಲಿದ್ದ ಹೆಣ್ಣು ಜಿಂಕೆಗೆ ಗುಂಡು ಹೊಡೆದ. ಗುರಿ ಇಟ್ಟ ಕಡೆಗೇ ಗುಂಡು ಬಿತ್ತು. ಆದರೂ ಆ ಜಿಂಕೆ ಆರು ತಾಸು ನರಳಿತು, 600 ಗಜಕ್ಕೂ ಹೆಚ್ಚು ದೂರ ಕುಂಟುತ್ತಾ ಹೋಗಿ ಪಕ್ಕದವರ ಜಮೀನಿನಲ್ಲಿ ಎರಡನೇ ಗುಂಡಿಗೆ ಸತ್ತಿತು. ಗುರಿಯೂ ತಪ್ಪದೆ, ರೈಫಲ್ಲೂ ಕೈಕೊಡದೆ ಹೀಗೇಕಾಯಿತು ಎನ್ನುವುದೇ ಈ ಪ್ರಕರಣ.

ಇಲ್ಲಿ ಬರುವವರ ಹೆಸರು, ಊರು, ಜಮೀನಿನ ಗುರುತು ಯಾವುದನ್ನೂ ಕೊಟ್ಟಿಲ್ಲ. ಗುಂಡು ಹೊಡೆದವನನ್ನು ‘ಬೇಟೆಗಾರ’ ಎಂದೂ ಅವನಿಗೆ ಜಾಗ ತೋರಿಸಿದ, ಹದಿನೈದು ವರ್ಷಗಳಿಂದ ಅಲ್ಲಿ ಬೇಟೆಯಾಡುತ್ತಿರುವ ಕನ್ನಡಿಗರನ್ನು ‘ಹಿರಿಯರು’ ಎಂದೂ ಕರೆಯಲಾಗಿದೆ. ಇನ್ನೊಂದು ಮಾತು ಮೊದಲೇ ಹೇಳಬೇಕು. ಇದು ಲೈಸೆನ್ಸ್, ಟ್ಯಾಗ್ (ಒಂದು ಜಿಂಕೆ ಹೊಡೆಯಬಹುದೆಂಬ ಚೀಟಿ), ಋತು ಎಲ್ಲವೂ ಕಾನೂನಿನಲ್ಲಿರುವ ಕಡೆಯ ಮಾತು. ಕರ್ನಾಟಕದಲ್ಲಿ ಚುಕ್ಕೆ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಹೊಡೆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಕೊಡಗಿನಲ್ಲಿ ಕೋವಿ ಲೈಸೆನ್ಸ್‌ಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಬೇಟೆಗೆ ಅದು ಅನುಮತಿಯಲ್ಲ.

ಹಿನ್ನೆಲೆ

ಬೇಟೆಗಾರ ನಲವತ್ತರ ಆಸುಪಾಸಿನವನು, ಮೂಲ ಮಲೆನಾಡು. ಚಿಕ್ಕವನಿದ್ದಾಗ ಮರಸು (ಬೇಟೆಗೆ ಕಾದು ಕೂರುವ ಮರೆ), ಸೋವು (ಪ್ರಾಣಿಯನ್ನು ಅಟ್ಟಿಕೊಂಡು ಬರುವುದು) ಎನ್ನುವ ಮಾತುಗಳನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದ, ಅಷ್ಟೇ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಅಥವಾ ಅನಂತರ ಹುಟ್ಟಿದವರು ಬೇಟೆ ಲೈಸೆನ್ಸ್ ಪಡೆಯಲು ಸುರಕ್ಷತಾ ತರಬೇತಿ ಮುಗಿಸಿರಬೇಕು. ಅವನು ಅದನ್ನು ಶ್ರದ್ಧೆಯಿಂದ ಮುಗಿಸಿದ್ದ. ಸೊಂಟದಿಂದ ಮೇಲಿನ ಬಟ್ಟೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದು, ಕೊಂಬಿಲ್ಲದ ಜಿಂಕೆಗೆ ಟ್ಯಾಗ್, ಏಣಿ ಮರಸಿನ ಮೇಲೆ ಮೈಗೆ ಬೆಲ್ಟ್, ಎಲ್ಲವೂ ಸರಿ ಇತ್ತು.

ರೈಫಲ್ ಎರವಲು ತಂದದ್ದು: .243 ವಿಂಚೆಸ್ಟರ್ ತೋಟೆಯದು, ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಈಡಿಗೂ ಬೋಲ್ಟ್ ಎಳೆದು ತೋಟೆ ಏರಿಸಬೇಕು. 1955ರಲ್ಲಿ ಬಂದ ಈ ತೋಟೆಗೆ ಒದೆತ ಕಡಿಮೆ, ಗುರಿ ನೇರ. ಹಾಗಾಗಿ ಹೊಸಬರ ಕೈಗೆ ಮೊದಲು ಬರುವುದು ಇದೇ. ಅದರ ಗುಣವೆಂದರೆ ಹಗುರ ಗುಂಡು, ಭಾರದ ಗುಂಡು ಎರಡನ್ನೂ ಹೊಡೆಯುತ್ತದೆ. ಇಲ್ಲಿ ತೊಂದರೆಯಾದದ್ದೂ ಆ ಗುಣದಿಂದಲೇ. ರೈಫಲ್ಲಿನ ಒಡೆಯ ಅದನ್ನು ಕಾಯೋಟಿ (ತೋಳದ ಜಾತಿಯ ಸಣ್ಣ ಪ್ರಾಣಿ), ನೆಲಬಿಲದ ಪ್ರಾಣಿಗಳಿಗೆ ಬಳಸುತ್ತಿದ್ದ. ಸ್ಕೋಪ್ ಹೊಂದಿಸಿದ್ದದ್ದು 58 ಗ್ರೇನ್‌ನ ಪ್ಲಾಸ್ಟಿಕ್ ಮೊನೆಯ ಗುಂಡಿಗೆ. 58 ಗ್ರೇನ್ ಎಂದರೆ ನಾಲ್ಕು ಗ್ರಾಂ ಕೂಡ ಇಲ್ಲ, 3.76 ಗ್ರಾಂ. ಹತ್ತು ತೋಟೆ ಹೊಡೆದು ನೋಡಿದಾಗ 100 ಗಜದಲ್ಲಿ ಎಲ್ಲವೂ ಒಂದು ನಾಣ್ಯದಗಲದಲ್ಲಿ ಬಿದ್ದವು. ಅಷ್ಟು ಚೆನ್ನಾಗಿ ಹೊಡೆಯುವ ತೋಟೆಯನ್ನು ಯಾರು ಬದಲಿಸುತ್ತಾರೆ? ಡಬ್ಬಿಯ ಮೇಲಿನ ಅಂಕಿಗಳೂ ಧೈರ್ಯ ಕೊಟ್ಟವು. ಆ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 3,750 ಅಡಿ ವೇಗ, ಶಕ್ತಿ ಸುಮಾರು 1,800 ಅಡಿ-ಪೌಂಡ್. ಜಿಂಕೆಗೆಂದೇ ಮಾರುವ 100 ಗ್ರೇನ್ ಗುಂಡಿನದು 2,960 ಅಡಿ ವೇಗ, ಸುಮಾರು 1,950 ಅಡಿ-ಪೌಂಡ್. ಕಾಗದದ ಮೇಲೆ ಎರಡಕ್ಕೂ ಹೆಚ್ಚು ಅಂತರವೇ ಇಲ್ಲ.

ಮೊದಲ ತಿರುವು ಇದು, ಮತ್ತು ಇಲ್ಲಿಯೇ ಹೆಚ್ಚಿನವರು ಎಡವುವುದು. ಶಕ್ತಿಯ ಅಂಕಿ ಗುಂಡು ಒಳಗೆ ಎಷ್ಟು ದೂರ ಹೋಗುತ್ತದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ಗುಂಡಿನ ಕಟ್ಟು ಮತ್ತು ದಪ್ಪಕ್ಕೆ ತಕ್ಕ ಭಾರ. ಒಂದೇ ದಪ್ಪದ ಈ ಎರಡು ಗುಂಡುಗಳಲ್ಲಿ ಭಾರಕ್ಕೂ ಅಡ್ಡಗಲದ ವರ್ಗಕ್ಕೂ ಇರುವ ಅನುಪಾತ ಹಗುರದ್ದಕ್ಕೆ 0.140, ಭಾರದ್ದಕ್ಕೆ 0.242. ಅದಕ್ಕಿಂತ ಮುಖ್ಯವಾದದ್ದು ಮೇಲ್ಹೊದಿಕೆ. ಚಿಕ್ಕ ಪ್ರಾಣಿಗಳ ಗುಂಡಿನ ತಾಮ್ರದ ಹೊದಿಕೆಯನ್ನು ಬೇಕೆಂದೇ ತೆಳುವಾಗಿ ಮಾಡಿರುತ್ತಾರೆ. ಮುಟ್ಟಿದೊಡನೆ ಒಡೆದು ಚೂರಾಗಬೇಕು, ನೆಲಕ್ಕೆ ಬಡಿದು ಪುಟಿಯಬಾರದು ಎನ್ನುವುದು ಅದರ ಉದ್ದೇಶ. ಹತ್ತು ಕಿಲೋದ ಪ್ರಾಣಿಗೆ ಅದು ಸರಿ. ಅರವತ್ತು ಕಿಲೋದ ಜಿಂಕೆಯ ಹೆಗಲ ಕೀಲಿಗೆ ಅದು ಬಡಿದಾಗಲೂ ಗುಂಡು ತಾನು ಹುಟ್ಟಿದ ಕೆಲಸವನ್ನೇ ಮಾಡುತ್ತದೆ.

ಹಿರಿಯರು ತೋಟೆಯ ಬಗ್ಗೆ ಕೇಳಿದ್ದರು. “.243 ಅಣ್ಣ, ಪ್ಲಾಸ್ಟಿಕ್ ತುದಿಯದ್ದು” ಎಂದು ಇವನು ಹೇಳಿದ. “ಹಾಂ, ಸಾಕು ಬಿಡು” ಎಂದರು ಅವರು. ಜಿಂಕೆಗೆಂದು ಮಾರುವ ಒಳ್ಳೆಯ ಗುಂಡುಗಳಿಗೂ ಪ್ಲಾಸ್ಟಿಕ್ ಮೊನೆ ಇರುವುದರಿಂದ ಅವರು ಅದನ್ನೇ ಅಂದುಕೊಂಡರು. ಗ್ರೇನ್ ಎಷ್ಟು ಎಂಬ ಒಂದು ಪ್ರಶ್ನೆ ಬಾಕಿ ಉಳಿಯಿತು.

ಆ ಬೆಳಿಗ್ಗೆ

ಏಳು ನಲವತ್ತು. ಜೋಳ ಕೊಯ್ದ ಹೊಲದ ಅಂಚಿಗೆ ಓಕ್ ಮರಗಳ ಸಾಲು. ಹೆಣ್ಣು ಜಿಂಕೆ ಸಾಲಿನಿಂದ ಹೊರಬಂದು ನಿಂತಿತು. ಎದೆ ಇವನ ಕಡೆಗೆ ಓರೆಯಾಗಿ ತಿರುಗಿತ್ತು, ಸುಮಾರು 40 ಡಿಗ್ರಿ. ಕಿವಿಗಳು ಮರಸಿನ ಕಡೆ ನಿಮಿರಿದ್ದವು.

ತರಬೇತಿಯಲ್ಲಿ ಎಲ್ಲರಿಗೂ ಹೇಳಿಕೊಡುವುದು ‘ಹೆಗಲ ಹಿಂದೆ ಹೊಡಿ’ ಎಂದು. ಜಿಂಕೆ ಪೂರ್ತಿ ಅಡ್ಡ ನಿಂತಾಗ ಅದು ಸರಿಯಾದ ಮಾತು. ಮುಂಗಾಲಿನ ಹಿಂಬದಿಯ ಗೆರೆಯಲ್ಲೇ ಮೇಲೆ ಹೋಗಿ, ಎದೆಯ ಎತ್ತರದ ಮೂರನೇ ಒಂದು ಪಾಲಿನಲ್ಲಿ ಗುರಿ ಇಟ್ಟರೆ ಗುಂಡಿಗೆಯ (ಹೃದಯದ) ಮೇಲ್ತುದಿ ಮತ್ತು ಎರಡೂ ಪುಪ್ಪುಸಗಳು ಸಿಗುತ್ತವೆ. ದೊಡ್ಡ ಜಿಂಕೆಯಲ್ಲಿ ಈ ಜಾಗ ಎಂಟು ಅಂಗುಲ ಅಗಲದ ಒಂದು ಊಟದ ತಟ್ಟೆಯಷ್ಟಿರುತ್ತದೆ. ಆದರೆ ಎದೆ ನಮ್ಮ ಕಡೆ ಓರೆಯಾದಾಗ ಅದೇ ‘ಹೆಗಲ ಹಿಂದೆ’ ಹೊಡೆದರೆ ಗುಂಡು ಒಂದು ಪುಪ್ಪುಸದ ಅಂಚು ಸವರಿ, ವಪೆ ಹರಿದು, ಲಿವರ್ ದಾಟಿ ಹೊಟ್ಟೆಚೀಲದಲ್ಲಿ ಕೊನೆಯಾಗುತ್ತದೆ. ಬೇಟೆಗಾರನಿಗೆ ಇದು ಗೊತ್ತಿತ್ತು. ಹಾಗಾಗಿ ಅವನು ಗುರಿಯನ್ನು ಮುಂದಕ್ಕೆ ತಂದು, ಹತ್ತಿರದ ಹೆಗಲ ಕೀಲಿನ ಒಳಮಗ್ಗುಲಿಗೆ ಇಟ್ಟ. ಗುಂಡು ಅಲ್ಲಿಂದ ಒಳಹೊಕ್ಕು, ಗುಂಡಿಗೆಯ ಮೇಲ್ಭಾಗ ಹಾದು, ಆಚೆ ಬದಿಯ ಪಕ್ಕೆಲುಬುಗಳ ನಡುವೆ ಹೊರಬೀಳಬೇಕು. ಲೆಕ್ಕ ಸರಿಯಾಗಿಯೇ ಇತ್ತು. 100 ಗ್ರೇನ್‌ನ ಗಟ್ಟಿ ಗುಂಡಾಗಿದ್ದರೆ ಜಿಂಕೆ ಬಹುಶಃ ಐವತ್ತು ಗಜ ದಾಟುತ್ತಿರಲಿಲ್ಲ.

ಹದಿನೈದು ಅಡಿ ಎತ್ತರದ ಮರಸಿನಿಂದ ಗುಂಡು ಇಳಿಜಾರಾಗಿ ಹೋದದ್ದು ಕಾರಣವೇ ಎಂದು ಆಮೇಲೆ ಕೆಲವರು ಕೇಳಿದರು. ಅಲ್ಲ. 68 ಗಜದಲ್ಲಿ ಅದು ನಾಲ್ಕು ಡಿಗ್ರಿಯಷ್ಟೇ. ಮರದ ಬುಡದ ಹತ್ತಿರ, 15–20 ಗಜದಲ್ಲಿ ಜಿಂಕೆ ಇದ್ದಾಗ ಮಾತ್ರ ಗುರಿಯನ್ನು ತುಸು ಮೇಲಕ್ಕೆ ಒಯ್ಯುವ ಮಾತು ಬರುತ್ತದೆ.

ಈಡು ಬಿದ್ದೊಡನೆ ಜಿಂಕೆ ಮುಂದಕ್ಕೆ ಮುಗ್ಗರಿಸಿ ಮೊಣಕಾಲೂರಿತು. ಬೇಟೆಗಾರ ಸ್ಕೋಪಿನಿಂದ ಕಣ್ಣು ತೆಗೆದ. “ಬಿತ್ತು ಅಣ್ಣ” ಎಂದು ಫೋನಿನಲ್ಲಿ ಟೈಪ್ ಮಾಡಲು ಹೊರಟವನು ತಲೆ ಎತ್ತಿದಾಗ ಜಿಂಕೆ ಎದ್ದು ನಿಂತಿತ್ತು. ನಾಲ್ಕೈದು ಸೆಕೆಂಡು ನಿಂತು, ಎಡ ಮುಂಗಾಲು ಜೋತಾಡಿಸುತ್ತಾ ಓಕ್ ಸಾಲಿನೊಳಗೆ ಹೋಯಿತು. ಬೋಲ್ಟ್ ಎಳೆದು ಎರಡನೇ ತೋಟೆ ಏರಿಸಿರಲಿಲ್ಲ. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗವಾಗಿ ಸರಿಪಡಿಸಬಹುದಾಗಿದ್ದ ತಪ್ಪು ಇದು. ಈಡಿನ ಸದ್ದು ಕಿವಿಯಲ್ಲಿರುವಾಗಲೇ, ಕೆನ್ನೆಯನ್ನು ಹಿಡಿಯಿಂದ ಎತ್ತದೆ ಬೋಲ್ಟ್ ಎಳೆಯುವುದು ಅಭ್ಯಾಸವಾಗಿರಬೇಕು. ಕಾಲ ಮೇಲಿರುವ ಗಾಯಾಳು ಜಿಂಕೆಗೆ ಹಿನ್ನೆಲೆ ಸುರಕ್ಷಿತವಾಗಿದ್ದರೆ ಎರಡನೇ ಗುಂಡು ಹೊಡೆಯಲೇಬೇಕು, ಮಾಂಸ ಹಾಳಾಗುತ್ತದೆ ಎಂದು ನೋಡಬಾರದು.

ನೆತ್ತರ ಜಾಡು

ಹದಿನೈದು ನಿಮಿಷಕ್ಕೇ ಅವನು ಇಳಿದ. ಹಿರಿಯರೂ ಬಂದರು. ಜಿಂಕೆ ನಿಂತಿದ್ದ ಜಾಗದಲ್ಲಿ ಕಂದು ಕೂದಲು ಧಾರಾಳವಾಗಿ ಬಿದ್ದಿತ್ತು. ಅದರ ನಡುವೆ ಉಗುರಿನಷ್ಟು ದೊಡ್ಡ, ಬಿಳಿ, ಒಂದು ಬದಿ ದುಂಡಗೆ ಬಾಗಿದ ಮೂಳೆಯ ಚೂರು. ಪಕ್ಕೆಲುಬಿನ ಚೂರು ತೆಳ್ಳಗೆ ಚಪ್ಪಟೆಯಾಗಿರುತ್ತದೆ. ಹೀಗೆ ದಪ್ಪಗೆ ಬಾಗಿದ್ದರೆ ಅದು ಕಾಲಿನ ಮೂಳೆ. ನೆತ್ತರು ಕೆಂಪಗೆ ಹೊಳೆಯುತ್ತಿತ್ತು, ನೊರೆ ಇರಲಿಲ್ಲ. ಮೊದಲ ಐವತ್ತು ಗಜ ಎಲೆಗಳ ಮೇಲೆ ಚೆಲ್ಲಿದಂತೆ, ಆಮೇಲೆ ಹೆಜ್ಜೆಗೊಂದು ಹನಿ.

ಈ ಗುರುತುಗಳು ಏನು ಹೇಳುತ್ತಿದ್ದವು ಎಂದು ತಿಳಿಯಲು ಬೇರೆ ಹೊಡೆತಗಳ ಗುರುತೂ ಗೊತ್ತಿರಬೇಕು. ಪುಪ್ಪುಸಕ್ಕೆ ತಗುಲಿದರೆ ಗುಲಾಬಿ ಬಣ್ಣ, ಸಣ್ಣ ಗುಳ್ಳೆಗಳ ನೊರೆ; ಅರ್ಧ ಗಂಟೆ ಕಾದರೆ ಸಾಕು. ಲಿವರಿನ ನೆತ್ತರು ಕಡುಗೆಂಪು, ನೊರೆಯಿಲ್ಲ. ಮೂರು ನಾಲ್ಕು ತಾಸು ಕಾಯಬೇಕು. ಹೊಟ್ಟೆಗೆ ಬಿದ್ದರೆ ಹಸಿರುಗಂದು ನೀರು, ಮೇವಿನ ವಾಸನೆ, ಬೆನ್ನು ಗೂನಾಗಿಸಿ ನಿಧಾನ ನಡೆದುಹೋದ ಜಿಂಕೆ. ಎಂಟು ತಾಸಿಗೂ ಮೇಲೆ. ಸ್ನಾಯು ಮತ್ತು ಮೂಳೆಯ ಗಾಯದಲ್ಲಿ ನೆತ್ತರು ಮೊದಲು ಧಾರಾಳವಾಗಿ ಚೆಲ್ಲಿ, ನೂರು ಇನ್ನೂರು ಗಜದಲ್ಲಿ ಬತ್ತುತ್ತದೆ. ಇಲ್ಲಿ ಆದದ್ದು ಅದೇ.

ಅವರು ನಿಲ್ಲಲಿಲ್ಲ. ಜಾಡಿನ ಪಕ್ಕದಲ್ಲಿ ನಡೆಯುವ ಬದಲು ಜಾಡಿನ ಮೇಲೆಯೇ ನಡೆದರು. ಆಮೇಲೆ ಜಾಡು ಹಿಡಿಯಲು ಬರಲಿದ್ದ ನಾಯಿಗೆ ಬೇಕಾದ ವಾಸನೆಯನ್ನು ಅವರ ಬೂಟುಗಳೇ ಎಲ್ಲೆಲ್ಲೋ ಹೊತ್ತು ಹರಡಿದವು. 180 ಗಜದಲ್ಲಿ, ಬಿದ್ದ ಮರದ ಪಕ್ಕದಿಂದ ಜಿಂಕೆ ಧಡಕ್ಕನೆ ಎದ್ದು ಓಡಿತು. ಪೊದೆಯ ನಡುವೆ ಗುಂಡಿಗೆ ದಾರಿಯಿರಲಿಲ್ಲ. ಮಲಗಿದ್ದ ಜಾಗದಲ್ಲಿ ಒತ್ತಿದ ಎಲೆಗಳ ಎಡಮಗ್ಗುಲಿಗೆ ಅಂಗೈಯಗಲದ ನೆತ್ತರು, ಅದರ ಅಂಚಿನಲ್ಲಿ ಬೆರಳ ತುದಿಯಷ್ಟು ನೊರೆ.

ಆ ನೊರೆಯ ಮುಂದೆ ಹಿರಿಯರು ಕುಕ್ಕರಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿದರು. “ಒಂದು ಕಡೆಯ ಪುಪ್ಪುಸಕ್ಕೆ ಏನೋ ತಾಗಿದೆ ಕಣೋ. ಪೂರ್ತಿ ಅಲ್ಲ. ಇನ್ನು ಒಂದು ಹೆಜ್ಜೆ ಮುಂದೆ ಹೋಗೋದು ಬೇಡ.” ಎರಡನೇ ತಿರುವು ಇದು, ಮತ್ತು ಇಡೀ ದಿನದ ಒಳ್ಳೆಯ ನಿರ್ಧಾರ. ಒಂದೇ ಪುಪ್ಪುಸ ಗಾಯಗೊಂಡ ಜಿಂಕೆಯನ್ನು ಬೆನ್ನಟ್ಟಿದರೆ ಮೈಲುಗಟ್ಟಲೆ ಹೋಗಬಲ್ಲುದು. ಬಿಟ್ಟರೆ ಸಾಮಾನ್ಯವಾಗಿ ಹತ್ತಿರದಲ್ಲೇ ಮಲಗುತ್ತದೆ. ಕೊನೆಯ ಹನಿಗೆ ಕಿತ್ತಳೆ ಟೇಪು ಕಟ್ಟಿ, ಫೋನಿನಲ್ಲಿ ಜಾಗ ಗುರುತಿಸಿಕೊಂಡು, ಬಂದ ದಾರಿಯಲ್ಲೇ ವಾಪಸಾದರು.

ಮುಂದಿನ ಎರಡು ಕೆಲಸಗಳು ಫೋನಿನಲ್ಲೇ ಆದವು. ಜಾಡು ಹೋಗುತ್ತಿದ್ದ ದಿಕ್ಕಿನಲ್ಲಿ 300 ಗಜದಾಚೆ ಬೇಲಿ ಇತ್ತು. ವಿಸ್ಕಾನ್ಸಿನ್‌ನಲ್ಲಿ ಗಾಯಗೊಂಡ ಜಿಂಕೆಯ ಹಿಂದೆ ಹೋಗುವುದಕ್ಕೂ ಪರರ ಜಮೀನಿಗೆ ಕಾಲಿಡಲು ಒಡೆಯರ ಒಪ್ಪಿಗೆ ಬೇಕು. ಆ ಜಮೀನಿನ ಒಡತಿ ಒಪ್ಪಿದರು. ಎರಡನೆಯದು, ಹಗ್ಗದಲ್ಲಿ ಕಟ್ಟಿದ ನಾಯಿಯೊಂದಿಗೆ ಜಾಡು ಹಿಡಿಯುವವರನ್ನು ಕರೆಯುವುದು. ಆ ರಾಜ್ಯದಲ್ಲಿ ಇದಕ್ಕೆ ಅವಕಾಶವಿದೆ. ಯುನೈಟೆಡ್ ಬ್ಲಡ್ ಟ್ರ್ಯಾಕರ್ಸ್ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಇಂಥವರು ಸಿಗುತ್ತಾರೆ. ಮಧ್ಯಾಹ್ನ ಒಂದೂಕಾಲಿಗೆ ಒರಟು ಕೂದಲಿನ ಒಂದು ಡ್ಯಾಶ್‌ಹಂಡ್ ಬಂತು. ತುಳಿದು ಕೆಡಿಸಿದ ಮೊದಲ 180 ಗಜಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಲ್ಲಿಂದಾಚೆಯ ಶುದ್ಧ ಜಾಡಿನಲ್ಲಿ 440 ಗಜಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಜಿಂಕೆ ಜೊಂಡಿನ ನಡುವೆ ಮಲಗಿತ್ತು. ತಲೆ ಎತ್ತಿತು, ಏಳಲಾಗಲಿಲ್ಲ. ಹತ್ತು ಗಜದ ಈ ಕೊನೆಯ ಗುಂಡಿನಲ್ಲೂ ತಿಳಿದಿರಬೇಕಾದ ವಿಷಯವೊಂದಿದೆ. ಸ್ಕೋಪ್ ನಳಿಗೆಗಿಂತ ಸುಮಾರು ಒಂದೂವರೆ ಅಂಗುಲ ಮೇಲೆ ಕೂತಿರುತ್ತದೆ. ಅಷ್ಟು ಹತ್ತಿರದಲ್ಲಿ ಗುಂಡು ಅಡ್ಡಗೆರೆಗಿಂತ ಹೆಚ್ಚೂ ಕಡಿಮೆ ಅಷ್ಟೇ ಕೆಳಗೆ ಬೀಳುತ್ತದೆ. ಕಿವಿಯ ಬುಡದ ಕುತ್ತಿಗೆಯಂಥ ಸಣ್ಣ ಗುರಿಗೆ ಒಂದೂವರೆ ಅಂಗುಲ ಎಂದರೆ ದವಡೆ ಒಡೆಯುವುದಕ್ಕೂ ಕ್ಷಣದಲ್ಲಿ ಮುಗಿಯುವುದಕ್ಕೂ ಇರುವ ಅಂತರ. ಹಿರಿಯರು ಅದನ್ನು ನೆನಪಿಸಿದರು. ಬೇಟೆಗಾರ ಗುರಿಯನ್ನು ಅಷ್ಟು ಮೇಲಕ್ಕೆ ತಂದ. ಮುಗಿಯಿತು.

ಒಳಗೆ ಕಂಡದ್ದು

ಸಿಗಿದಾಗ ಎಲ್ಲ ಸ್ಪಷ್ಟವಾಯಿತು. ಗುಂಡು ಎಡ ಹೆಗಲಿನ ಕೀಲಿಗೆ, ಭುಜದ ಮೂಳೆಯ ದುಂಡು ತಲೆಗೆ ನೇರವಾಗಿ ಬಡಿದಿತ್ತು. ಚರ್ಮದ ಕೆಳಗೆ ಅಂಗೈಯಗಲದ, ಎರಡೂವರೆ ಅಂಗುಲ ಆಳದ ಬಟ್ಟಲಿನಂಥ ಗಾಯ. ಅದರ ತುಂಬ ಮೂಳೆಯ ಪುಡಿ, ಹರಿದ ತಾಮ್ರದ ಎಸಳುಗಳು, ಎಳ್ಳಿನ ಕಾಳಿನಷ್ಟು ಸೀಸದ ಹನಿಗಳು. ಪಕ್ಕೆಲುಬುಗಳ ನಡುವಿನಿಂದ ಎರಡೋ ಮೂರೋ ಚೂರು ಒಳಗೆ ಜಾರಿ ಹತ್ತಿರದ ಪುಪ್ಪುಸವನ್ನು ಗೀರಿದ್ದವು. ಗುಂಡಿಗೆಗೆ, ಆಚೆಯ ಪುಪ್ಪುಸಕ್ಕೆ ಏನೂ ತಾಗಿರಲಿಲ್ಲ. ಹೊರಬಿದ್ದ ತೂತೂ ಇರಲಿಲ್ಲ. ಜಾಡು ಬತ್ತಿದ್ದಕ್ಕೆ ಅದೂ ಕಾರಣ. ಎದೆಯೊಳಗೆ ನೆತ್ತರು ತುಂಬಿದರೂ ಕೆಳಗಿನಿಂದ ಹೊರಹರಿಯಲು ಬಾಯಿ ಬೇಕು. ಆ ಮುಂಗಾಲು ಪೂರ್ತಿ, ಕುತ್ತಿಗೆಯ ಬುಡದ ಒಂದಷ್ಟು ಮಾಂಸ ಎಸೆಯಬೇಕಾಯಿತು.

ಮನೆಯಲ್ಲಿ ಆರು ಮತ್ತು ಒಂಬತ್ತು ವರ್ಷದ ಮಕ್ಕಳಿದ್ದರು. ಸೀಸದ ವಿಷಯ ಆಗ ಮೊದಲ ಸಲ ತಲೆಗೆ ಬಂತು. ಬೇಗ ಒಡೆಯುವ ಸೀಸದ ಗುಂಡು ಬರಿಗಣ್ಣಿಗೆ ಕಾಣದ ಚೂರುಗಳನ್ನು ಗಾಯದ ಸುತ್ತಲೂ ಎರಚುತ್ತದೆ. 2008ರಲ್ಲಿ ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕುರಿಗಳ ದೇಹಕ್ಕೆ ಬೇರೆ ಬೇರೆ ಗುಂಡು ಹೊಡೆದು ಎಕ್ಸ್‌ರೇ ತೆಗೆದಾಗ, ಗಾಯದಿಂದ ಒಂದು ಅಡಿಗೂ ಆಚೆ ಚೂರುಗಳು ಸಿಕ್ಕಿದ್ದವು. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ.

ಗುಂಡು ಬದಲಿಸುವ ನಿರ್ಧಾರ

ಮುಂದಿನ ಋತುವಿಗೆ ಮುಂಚೆ ಮೂರು ದಾರಿ ಇದ್ದವು. ಒಂದು, 100 ಗ್ರೇನ್‌ನ ಸಾದಾ ಮೃದುಮೊನೆಯ ಗುಂಡು: ತಾಮ್ರದ ಬಟ್ಟಲಲ್ಲಿ ಸೀಸ, ಮೊನೆಯಲ್ಲಿ ಸೀಸ ಹೊರಗೆ. ಅಗ್ಗ, ಎಲ್ಲೆಡೆ ಸಿಗುತ್ತದೆ, ಅಡ್ಡ ನಿಂತ ಜಿಂಕೆಗೆ ಹೇಳಿ ಮಾಡಿಸಿದ್ದು. ಎರಡು, ಹೊದಿಕೆ ಮತ್ತು ಸೀಸವನ್ನು ಬೆಸೆದ, ಅಥವಾ ನಡುವೆ ಗೋಡೆ ಇರುವ ಗುಂಡು. ಎರಡನೇ ಬಗೆಯ ಮಾದರಿ ನೋಸ್ಲರ್ ಪಾರ್ಟಿಶನ್, 1948ರಿಂದ ಇದೆ. ಮುಂದಿನ ಅರ್ಧ ಅರಳಿ ಹೋದರೂ ಹಿಂದಿನ ಅರ್ಧ ನುಗ್ಗುತ್ತಲೇ ಇರುತ್ತದೆ. ಮೂರು, ಇಡಿಯಾಗಿ ತಾಮ್ರದ ಗುಂಡು. ಮೊನೆ ಎಸಳಾಗಿ ಬಿಚ್ಚಿಕೊಳ್ಳುತ್ತದೆ, ಭಾರ ಕಳೆದುಕೊಳ್ಳುವುದು ಬಹಳ ಕಡಿಮೆ, ಆಚೆ ಬದಿಯಿಂದ ಹೊರಬೀಳುವುದು ಹೆಚ್ಚೂ ಕಡಿಮೆ ಖಚಿತ. ತಾಮ್ರ ಸೀಸಕ್ಕಿಂತ ಹಗುರ, ಆದರೆ ಭಾರ ಉಳಿಸಿಕೊಳ್ಳುವುದರಿಂದ 100 ಗ್ರೇನ್‌ನ ಕೆಲಸವನ್ನು 80–85 ಗ್ರೇನ್ ಮಾಡುತ್ತದೆ. ಅದಕ್ಕೆ ವೇಗ ಮಾತ್ರ ಬೇಕು. ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿದರೆ ಎಸಳು ಸರಿಯಾಗಿ ಬಿಚ್ಚದೆ ಪೆನ್ಸಿಲ್‌ನಂತೆ ತೂರಿಹೋಗುವ ಭಯವಿದೆ. 150 ಗಜದೊಳಗಿನ .243ಗೆ ಅದು ಚಿಂತೆಯಲ್ಲ.

ಪೂರ್ತಿ ಹೊದಿಕೆಯ ಸೈನ್ಯದ ಬಗೆಯ ಗುಂಡು ಯಾವ ಲೆಕ್ಕಕ್ಕೂ ಬರುವುದಿಲ್ಲ. ಅದು ಅರಳುವುದೇ ಇಲ್ಲ, ಅನೇಕ ರಾಜ್ಯಗಳಲ್ಲಿ ಜಿಂಕೆಗೆ ಅದು ಕಾನೂನುಬಾಹಿರ. ಗುರಿ ಸ್ಪರ್ಧೆಯ ಗುಂಡೂ ಬೇಡ. ನೇರ ಹೋಗುವುದೊಂದೇ ಅದರ ಕೆಲಸ, ಒಳಗೆ ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಭರವಸೆಯಿಲ್ಲ.

ಮಕ್ಕಳ ಕಾರಣಕ್ಕೆ ಅವನು 80 ಗ್ರೇನ್ ತಾಮ್ರವನ್ನು ಆರಿಸಿದ. ಸೀಸದ ಪ್ರಶ್ನೆ ಇಲ್ಲದಿದ್ದರೆ ಎರಡನೇ ದಾರಿಯೂ ಅಷ್ಟೇ ಒಳ್ಳೆಯದಿತ್ತು. ಹೊಸ ತೋಟೆ 100 ಗಜದಲ್ಲಿ ಹಳೆಯದಕ್ಕಿಂತ ಮೂರು ಅಂಗುಲ ಕೆಳಗೆ, ಒಂದು ಅಂಗುಲ ಎಡಕ್ಕೆ ಬಿತ್ತು. ಸ್ಕೋಪ್ ಮರುಹೊಂದಿಸದೆ ತೋಟೆ ಮಾತ್ರ ಬದಲಿಸಿದ್ದರೆ ಮತ್ತೊಂದು ಗಾಯಾಳು ಜಿಂಕೆಯಾಗುವ ಸಂಭವವಿತ್ತು. ನಳಿಗೆ ಒರೆಸಿ, ಮೂರು ಮೂರು ಈಡಿನ ಗುಂಪು ನೋಡಿ, 100 ಗಜದಲ್ಲಿ ಒಂದೂವರೆ ಅಂಗುಲ ಮೇಲೆ ನಿಲ್ಲಿಸಿದ.

ಅಭ್ಯಾಸದ ಬಗೆಯೂ ಬದಲಾಯಿತು. ಹಿರಿಯರು ರಟ್ಟಿನ ಜಿಂಕೆ ಬಿಟ್ಟು, ನಾಲ್ಕು ಕಾಲಿನ ಫೋಮ್ ಜಿಂಕೆ ತಂದರು. ಅದನ್ನು ಬೇರೆ ಬೇರೆ ಕೋನದಲ್ಲಿ ನಿಲ್ಲಿಸಿ, ಗುರಿ ಇಡುವ ಮೊದಲು ಗುಂಡು ಹೊರಬೀಳುವ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಹಿಂದೆ ತಿರುಗಿ ಓರೆ ನಿಂತ ಜಿಂಕೆಗೆ ಆ ಜಾಗ ಆಚೆಯ ಮುಂಗಾಲಿನ ಬುಡ. ಹಾಗಾಗಿ ಈಚೆ ಬದಿಯಲ್ಲಿ ಗುರಿ ಕೆಲವೊಮ್ಮೆ ಪಕ್ಕೆಲುಬಿನ ನಡುವಿಗೇ ಬರುತ್ತದೆ. ಹೊಸಬರು ಅಷ್ಟು ಹಿಂದೆ ಹೊಡೆಯಲು ಹೆದರುತ್ತಾರೆ. ಉದ್ದನೆಯ ಕಡ್ಡಿಯೊಂದನ್ನು ಫೋಮಿನಲ್ಲಿ ಆರಪಾರ ಚುಚ್ಚಿ ನೋಡಿದಾಗ ಹೆದರಿಕೆ ಹೋಗುತ್ತದೆ.

ಮುಂದಿನ ನವೆಂಬರ್

ಅದೇ ಮರಸು, 90 ಗಜ, ಮತ್ತೆ ಎದೆ ಓರೆಯಾಗಿ ಇವನ ಕಡೆಗೆ. ಹೊಸ ಗುಂಡಿಗೆ ಆ ಕೋನ ಅಸಾಧ್ಯವೇನೂ ಆಗಿರಲಿಲ್ಲ. ಆದರೂ ಅವನು ಹೊಡೆಯಲಿಲ್ಲ, ಸುರಕ್ಷತಾ ಕೀಲಿಯನ್ನೂ ತೆಗೆಯಲಿಲ್ಲ. ಜಿಂಕೆ ತಲೆ ಬಗ್ಗಿಸಿ ಓಕ್ ಕಾಯಿ ಮೇಯುತ್ತಾ ಎರಡು ನಿಮಿಷ ಕಳೆಯಿತು. ಆಮೇಲೆ ಅಡ್ಡ ತಿರುಗಿತು, ಈಚೆಯ ಮುಂಗಾಲು ಒಂದು ಹೆಜ್ಜೆ ಮುಂದಿಟ್ಟಿತು. ಆ ಹೆಜ್ಜೆಯಿಂದ ಭುಜದ ಮೂಳೆ ಮುಂದೆ ಸರಿದು ಎದೆ ತೆರೆಯುತ್ತದೆ. ಹೊಡೆದ. ಬೋಲ್ಟ್ ಎಳೆದ. ಜಿಂಕೆ ಹಿಂಗಾಲು ಝಾಡಿಸಿ 55 ಗಜ ಓಡಿ ಬಿತ್ತು. ಅರ್ಧ ಗಂಟೆ ಕಾದು ಇಳಿದಾಗ ಜಾಡಿನ ಎರಡೂ ಬದಿಗೆ ಗುಲಾಬಿ ನೊರೆ, ಆಚೆ ಬದಿಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಎರಡೂ ಮುಂಗಾಲುಗಳ ಮಾಂಸ ಪೂರ್ತಿ ಉಳಿಯಿತು. ಮರುದಿನ ಸಂಜೆ ಐದರೊಳಗೆ ಮಾಡಿಸಬೇಕಾದ, ಹೊಡೆದ ಜಿಂಕೆಯ ನೋಂದಣಿಯನ್ನು ಅಂದೇ ಮಧ್ಯಾಹ್ನ ಮುಗಿಸಿದ.

ಈ ಎರಡು ಬೆಳಿಗ್ಗೆಗಳ ನಡುವಿನ ಅಂತರವನ್ನು ಗುಂಡಿಗಷ್ಟೇ ಕೊಡುವುದು ಸರಿಯಲ್ಲ. 58 ಗ್ರೇನ್ ಗುಂಡು ಪಕ್ಕೆಲುಬುಗಳ ನಡುವೆ ಅಡ್ಡಲಾಗಿ ಹೊಕ್ಕರೆ ಪುಪ್ಪುಸವನ್ನು ಛಿದ್ರ ಮಾಡಿ ಜಿಂಕೆಯನ್ನು ನಿಂತಲ್ಲೇ ಕೆಡವಿದ ಉದಾಹರಣೆಗಳು ಬೇಕಾದಷ್ಟಿವೆ. ಅಂಥ ಹತ್ತು ಈಡು ಕಂಡವರೇ ಹನ್ನೊಂದನೆಯವರಿಗೆ ಅದನ್ನು ಶಿಫಾರಸು ಮಾಡುವುದು, ಮತ್ತು ಅವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆ ಗುಂಡು ಬೇಟೆಗಾರನಿಗೆ ಒಂದೇ ಒಂದು ಕೋನವನ್ನು ಕೊಡುತ್ತದೆ. ಗಟ್ಟಿ ಗುಂಡು ಮೂರು ಕೋನ ಕೊಡುತ್ತದೆ, ಗಾಳಿಗೋ ಚಳಿಗೋ ಕೈ ಎರಡು ಅಂಗುಲ ಸರಿದರೂ ಎದೆ ತಲುಪುತ್ತದೆ. ಯಾವ ಕೋನ ಬಿಡಬೇಕು ಎನ್ನುವುದು ಮರಸಿನ ಮೇಲೆ ಎದೆ ಬಡಿದುಕೊಳ್ಳುವಾಗ ತೀರ್ಮಾನಿಸುವ ಮಾತಲ್ಲ. ತೋಟೆ ಕೊಳ್ಳುವ ದಿನವೇ ಅದು ಅರ್ಧ ತೀರ್ಮಾನವಾಗಿರುತ್ತದೆ.

ಎರವಲು ರೈಫಲ್ ಆದ್ದರಿಂದ ಇನ್ನೊಂದು ಏರ್ಪಾಟೂ ಆಯಿತು. ಹಿಡಿಯ ಮೇಲೆ ಒಂದು ತುಂಡು ಟೇಪು ಅಂಟಿಸಿ, ಸ್ಕೋಪ್ ಯಾವ ಗುಂಡಿಗೆ, ಎಷ್ಟು ಗ್ರೇನ್‌ಗೆ, ಯಾವ ದಿನ ಹೊಂದಿಸಿದ್ದು ಎಂದು ಅದರ ಮೇಲೆ ಬರೆದಿಡುತ್ತಾರೆ. ರೈಫಲ್ ಕೈಬದಲಾದಾಗಲೆಲ್ಲ ಹಳೆಯ ಟೇಪು ಕಿತ್ತು, ಮೂರು ಈಡು ಹೊಡೆದು ನೋಡಿ, ಹೊಸದು ಅಂಟಿಸುತ್ತಾರೆ.